ಪಡುವಲ ತೋಟದ ಮುಯ್ಯಿ

ನಮ್ಮತ್ತೆಯ ಬಲಗೈ ಉಗುರುಗಳ ಸಂದಿಯಲ್ಲಿ ಯಾವಾಗಲೂ ನೀಲಿ ಕೂತಿರುತ್ತಿತ್ತು. ಗಿಡಕ್ಕೆ ಹೊಡೆಯುವ ಮೈಲುತುತ್ತದ ನೀಲಿ. ಹುಣಸೆಹಣ್ಣು, ಸೀಗೆಪುಡಿ, ನಾನು ಬಳ್ಳಾರಿಯಿಂದ ಒಯ್ದ ಸೋಪು, ಯಾವುದಕ್ಕೂ ಅದು ಜಗ್ಗಲಿಲ್ಲ. ಬೆರಳ ತುದಿಯ ಚರ್ಮವಂತೂ ಅಂಜೂರದ ಹಾಲು ತಾಗಿ ತಾಗಿ ಸುಲಿದು, ಹೊಸದು ಬಂದು, ಮತ್ತೆ ಸುಲಿದು, ಕೊನೆಗೆ ಗೆರೆಗಳೇ ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆರಳನ್ನು ಒಪ್ಪುತ್ತಿರಲಿಲ್ಲ. ಅಂಗಡಿಯವನು ಒಮ್ಮೆ ನಾಲ್ಕು ಜನರ ಮುಂದೆ, "ಅಜ್ಜಿ, ನಿಂದು ಬೆರಳ ಇಲ್ಲ ಅಂತತಿ ನೋಡು ಮಿಷಿನ್ನು" ಎಂದು ನಕ್ಕ. "ಬೆರಳು ಇಲ್ಲೇ ಐತಿ. ನಿನ್ನ ಮಿಷಿನ್ನಿಗೆ ಕಣ್ಣಿಲ್ಲ" ಎಂದು ಹೇಳಿ ಬಂದರು. ಅಷ್ಟಕ್ಕೇ ಬಿಡಲಿಲ್ಲ, ಅವನ ಮಗಳ ಮದುವೆಗೆ ಹೋಗಲಿಲ್ಲ. ಅವನು ಅದನ್ನು ಮರೆತೇಬಿಟ್ಟಿದ್ದ. ಇವರು ಮರೆತಿರಲಿಲ್ಲ.

ಸೇಡು ಇಟ್ಟುಕೊಳ್ಳುವುದರಲ್ಲಿ ನಮ್ಮತ್ತೆಯಂಥವರನ್ನು ನಾನು ಕಂಡಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ, ಹೆಮ್ಮೆಯಿಂದ ಹೇಳುತ್ತಿದ್ದೇನೆ. ಅವರ ಮದುವೆಯ ಪಂಕ್ತಿಯಲ್ಲಿ ತವರಿನವರ ಎಲೆಗೆ ಎರಡನೇ ಸಲ ಹೋಳಿಗೆ ಬಡಿಸದೆ ಮುಂದೆ ಹೋದ ಹೆಂಗಸು ಯಾರು, ಬಾಣಂತನದಲ್ಲಿ ನೋಡಲು ಬಂದು "ಕೂಸು ಕರ್ರಗೈತಿ" ಎಂದವರು ಯಾರು, ಎಲ್ಲ ಅವರ ನಾಲಗೆಯ ತುದಿಯಲ್ಲಿತ್ತು. ಆ ಕಪ್ಪು ಕೂಸೇ ನನ್ನ ಗಂಡ. ಹಾಗೆಂದು ಅವರು ಜಗಳಗಂಟಿಯಲ್ಲ. ಬೀದಿಯಲ್ಲಿ ನಿಂತು ಬಾಯಿ ಮಾಡುವವರನ್ನು ಕಂಡರೆ ಅವರಿಗೆ ತಾತ್ಸಾರ. "ಬೈದ್ರ ಸಿಟ್ಟು ಖರ್ಚಾಗಿ ಹೋಗ್ತತಿ. ಇಟ್ಗೋಬೇಕು" ಎನ್ನುತ್ತಿದ್ದರು, ಉಪ್ಪಿನಕಾಯಿಯ ವಿಷಯ ಹೇಳುವ ಹಾಗೆ. ತೀರಾ ತಡೆಯಲಾಗದಿದ್ದಾಗ ಮಾತ್ರ ತೆಲುಗಿನಲ್ಲಿ, "ವಾಡಿ ಮೊಹಂ ಮಂಡ" ಎಂದು ಗೊಣಗುತ್ತಿದ್ದರು. ಅವನ ಮುಖಕ್ಕೆ ಬೆಂಕಿ ಬೀಳಲಿ ಎಂದು. ಕನ್ನಡದಲ್ಲಿ ಬೈದರೆ ಮನೆಯ ದೇವರಿಗೆ ಕೇಳಿಸುತ್ತದೆ ಎಂಬುದು ಅವರ ಲೆಕ್ಕ.

ನಮ್ಮ ಅಂಜೂರದ ತೋಟ ಕುರುಗೋಡಿನಿಂದ ಸ್ವಲ್ಪ ಆಚೆ. ನಾನು ಮತ್ತು ನನ್ನ ಗಂಡ ಇರುವುದು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ, ಅವನು ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಕೆಲಸಕ್ಕಿದ್ದಾನೆ. ಭಾನುವಾರ ಬೆಳಗಿನ ಬಸ್ಸಿಗೆ ಊರಿಗೆ ಹೋಗುವುದು ಮದುವೆಯಾದಂದಿನಿಂದ ನಡೆದುಬಂದ ರೂಢಿ. ಮಾವನವರು ಮೆತ್ತಗಿನ ಜೀವ, ನನ್ನ ಗಂಡನೂ ಅವರ ಹಾಗೆಯೇ. ತೋಟ ಆಳುತ್ತಿದ್ದವರು ಅತ್ತೆ. ಗಟ್ಟಿ ಮಾತು ಆಡಬೇಕಾದಾಗ ಅವರು ಮಗನನ್ನು ಬಿಟ್ಟು ನನ್ನನ್ನು ಕರೆಯುತ್ತಿದ್ದರು. "ಇವನು ನಮ್ಮನಿಯಾವ್ರ ಮಣ್ಣು. ನೀರು ಹಾಕಿದ್ರ ಕರಗ್ತಾನ" ಎಂದು ಅವನ ಎದುರಿಗೇ ಹೇಳುತ್ತಿದ್ದರು, ಅವನೂ ನಗುತ್ತಿದ್ದ.

ತೋಟದ ಪಡುವಣ ಬದುವಿನ ಸಾಲು ಮಾತ್ರ ಅತ್ತೆಯ ಸ್ವಂತದ್ದು. ಅಂಜೂರವನ್ನು ಬೀಜದಿಂದ ಬೆಳೆಸುವುದಿಲ್ಲ, ಕಡ್ಡಿ ಊರಿದರೆ ಚಿಗುರುತ್ತದೆ. ಮದುವೆಯಾಗಿ ಬರುವಾಗ ತವರಿನ ಗಿಡದ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಂದು, ಅರಿಶಿನದ ಕೈಯಲ್ಲೇ ನೆಟ್ಟಿದ್ದರಂತೆ. ಉಳಿದ ತೋಟದ ಹಣ್ಣು ಬಳ್ಳಾರಿಯ ಮಾರುಕಟ್ಟೆಗೆ ಹೋಗುತ್ತಿತ್ತು. ಆ ಸಾಲಿನದು ಮನೆಗೆ, ಬಾಣಂತಿಯರಿಗೆ, ಕಾಯಿಲೆ ಬಿದ್ದವರಿಗೆ, ಬಂದುಹೋಗುವವರ ಕೈಗೆ. ನನ್ನ ಬಾಣಂತನದಲ್ಲಿ ನಾನು ತಿಂದದ್ದೂ ಆ ಸಾಲಿನ ಹಣ್ಣನ್ನೇ.

ಬದುವಿನ ಆಚೆಗೂ ಅಂಜೂರದ ತೋಟವೇ, ಬೇರೆಯವರದು. ಅದರ ಯಜಮಾನನಿಗೂ ಹೆಸರಿದೆ. ಆದರೆ ಆ ವರ್ಷದಿಂದ ಈಚೆಗೆ ನಮ್ಮತ್ತೆ ಅವನನ್ನು ಹೆಸರು ಹಿಡಿದು ಕರೆದದ್ದಿಲ್ಲ. "ಪಡುವಲ ತ್ವಾಟದಾವ" ಎಂದಷ್ಟೇ. ಅತ್ತೆ ಬಿಟ್ಟ ಹೆಸರನ್ನು ನಾನೇಕೆ ಎತ್ತಿಕೊಳ್ಳಲಿ. ನಮ್ಮ ಸಾಲಿನ ನೆರಳು ತನ್ನ ಗಿಡದ ಮೇಲೆ ಬೀಳುತ್ತದೆ, ನಮ್ಮ ಬೇರು ತನ್ನ ನೀರು ಕುಡಿಯುತ್ತದೆ ಎಂದು ಅವನು ಮೊದಲಿನಿಂದಲೂ ಗುನುಗುತ್ತಿದ್ದ. ಅತ್ತೆ ಅದಕ್ಕೆ ಕಿವಿಗೊಟ್ಟಿರಲಿಲ್ಲ.

ಆ ವರ್ಷ ಮಳೆಗಾಲದಲ್ಲಿ ಮಾವನವರಿಗೆ ಮೂತ್ರಪಿಂಡದ ತೊಂದರೆ ಜೋರಾಗಿ ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದೆವು. ಅತ್ತೆ ಅವರ ಮಂಚದ ಪಕ್ಕ ಚಾಪೆ ಹಾಕಿಕೊಂಡು ಅಲ್ಲೇ ಉಳಿದರು. ತೋಟವನ್ನು ನೋಡುವವರಿಲ್ಲ. ಆ ಹೊತ್ತಿಗೇ ಬದುವಿನ ಸಾಲಿನ ಎಲೆಗಳಲ್ಲಿ ಹಳದಿ ಚುಕ್ಕೆ ಎದ್ದು, ಹಿಂಬದಿಗೆ ಕಿತ್ತಳೆ ಬಣ್ಣದ ಪುಡಿ ಕಟ್ಟಿ, ಎಲೆ ಉದುರತೊಡಗಿದವು. ನಮ್ಮ ಕಡೆ ಇದಕ್ಕೆ ತುಕ್ಕು ಎನ್ನುತ್ತಾರೆ. ಪಡುವಲ ತೋಟದವ ಅದನ್ನು ನೋಡಿದ. ನಮಗೆ ಒಂದು ಫೋನು ಮಾಡಲಿಲ್ಲ. ಆಳು ಕರೆಸಿ ಇಡೀ ಸಾಲನ್ನು ಬುಡಕ್ಕೆ ಕಡಿಸಿಹಾಕಿದ.

ಮಾವನವರು ಆಸ್ಪತ್ರೆಯಿಂದ ಜೀವಂತ ಮರಳಲಿಲ್ಲ. ಮಣ್ಣು ಮಾಡಲು ತೋಟಕ್ಕೆ ಒಯ್ದಾಗ ಅತ್ತೆ ಆ ಮೋಟುಗಳನ್ನು ಮೊದಲ ಸಲ ನೋಡಿದರು. ಗಂಡನಿಗಾಗಿ ಅಳುತ್ತಿದ್ದವರು ಅಳು ನಿಲ್ಲಿಸಿದರು. ಬಂದವರೆಲ್ಲ, ಪಾಪ, ದುಃಖಕ್ಕೆ ಕಲ್ಲಾಗಿದ್ದಾಳೆ ಎಂದುಕೊಂಡರು. ಪಕ್ಕದಲ್ಲಿ ನಿಂತಿದ್ದ ನನಗೆ ಮಾತ್ರ ಅವರ ಹಲ್ಲು ಕಟಕಟ ಎನ್ನುವುದು ಕೇಳಿಸುತ್ತಿತ್ತು.

ಮಾತಾಡಿಸಲು ಅವನೂ ಬಂದ. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು, ತಾನೇ ಮಾತು ತೆಗೆದ.

"ಅಕ್ಕಾ, ತಪ್ಪು ತಿಳೀಬ್ಯಾಡ. ತುಕ್ಕು ಬಿದ್ದಿತ್ತು. ಇವತ್ತು ನಿಂದು, ನಾಳಿ ನಂದು. ಹಿಂಗಾಗಿ ಕಡಿಸಿದೆ. ನಿನಗೂ ಒಳ್ಳೇದ ಆತು. ಅಣ್ಣನೂ ಇಲ್ಲ, ಯಾರು ಮಾಡ್ತಿದ್ರು ಅದನ್ನ?"

ಅತ್ತೆ ನನ್ನ ಕಡೆ ತಿರುಗಿ, "ಚಾಕ್ಕ ಸಕ್ರಿ ಜಾಸ್ತಿ ಹಾಕವ್ವಾ. ಬಂದಾವ್ರಿಗೆ ಕಡಿಮಿ ಮಾಡಬ್ಯಾಡ" ಎಂದರು. ಅವನು ಕುಡಿದು ಹೋದ. ಬಸವಣ್ಣನ ಗುಡಿ ಕಟ್ಟೆಯ ಹಿರಿಯರಿಗೆ ನನ್ನ ಗಂಡ ದೂರು ಹೇಳಿದಾಗ, "ಆದದ್ದು ಆತು. ರೋಗದ ಗಿಡ, ಹೋಗ್ಲಿ ಬಿಡಪಾ. ಒಬ್ರ ಮುಖ ಒಬ್ರು ನೋಡಬೇಕಲ್ಲ" ಎಂದರು. ಕಡಿದ ಕೊಂಬೆಗಳು ಅವನ ನೀರೊಲೆಗೆ ಹೋದವು. ಆ ಚಳಿಗಾಲವೆಲ್ಲ ಅವನ ಬಚ್ಚಲ ಹೊಗೆ ನಮ್ಮ ಅಂಗಳಕ್ಕೆ ಬರುತ್ತಿತ್ತು, ಅತ್ತೆ ಅದಕ್ಕೆ ಎದುರಾಗಿಯೇ ಕೂತು ಅಕ್ಕಿ ಆರಿಸುತ್ತಿದ್ದರು. ಎಲೆಗಳನ್ನು ಅವನು ಪುಕ್ಕಟೆ ಗೊಬ್ಬರವೆಂದು ಬುಟ್ಟಿಗಟ್ಟಲೆ ಹೊರಿಸಿ ತನ್ನದೇ ಗಿಡಗಳ ಬುಡಕ್ಕೆ ಹರವಿದ. ಈ ಜಿಪುಣತನ ಮುಂದೆ ನಮಗೆ ಒದಗಿ ಬಂತು.

ಉಳಿದ ಗಿಡಗಳನ್ನು ನೋಡಲು ಕುರುಗೋಡಿನಿಂದ ತೋಟಗಾರಿಕೆ ಇಲಾಖೆಯ ಹುಡುಗಿಯೊಬ್ಬಳು ಸ್ಕೂಟಿಯಲ್ಲಿ ಬಂದಳು. ಆ ಭಾನುವಾರ ನಾನಲ್ಲೇ ಇದ್ದೆ. ಎಲೆಯೊಂದನ್ನು ಮಗುಚಿ ಹಿಂಬದಿಯ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ತೋರಿಸಿದಳು.

"ಇದು ಬೀಜ ಇದ್ದಂಗ ಅಜ್ಜಿ. ಗಾಳಿಗೆ ಹಾರ್ತತಿ. ಉದುರಿದ ಎಲ್ಯಾಗ ಉಳ್ಕೊಂಡು ಮುಂದಿನ ಮಳಿಗೆ ಮತ್ತ ಏಳ್ತತಿ. ಉದುರಿದ್ದೆಲ್ಲ ಬಳ್ದು ಸುಡ್ರಿ. ಒಣಗಿದ ಟೊಂಗಿ ತಗೀರಿ. ಎಲಿ ಹಿಂದ ಬೀಳೋ ಹಂಗ ಬೋರ್ಡೋ ಔಷ್ದಿ ಹೊಡೀರಿ. ಹತೋಟಿಗೆ ಬರ್ತತಿ."

"ಮತ್ತ ಗಿಡ ಕಡೀಬೇಕಲ್ಲ?" ಎಂದರು ಅತ್ತೆ.

"ಯಾಕ ಕಡೀಬೇಕು? ಇದು ಗಿಡ ಕಡಿಯೋ ರೋಗ ಅಲ್ಲ."

ಅತ್ತೆ ನನ್ನನ್ನು ಹತ್ತಿರ ಕರೆದರು, ಕಳೆ ತೆಗೆಯುತ್ತಿದ್ದ ಹೆಂಗಸರನ್ನೂ ಕೂಗಿ ಕರೆದರು. ಎಲ್ಲ ಬಂದು ನಿಂತ ಮೇಲೆ ಆ ಹುಡುಗಿಗೆ, "ಈಗ ಇನ್ನೊಮ್ಮಿ ಹೇಳವ್ವಾ" ಎಂದರು. ಅವಳು ಪಾಪ, ಮುದುಕಿಗೆ ಅರ್ಥವಾಗಲಿಲ್ಲವೆಂದು ತಿಳಿದು ಬಿಡಿಸಿ ಬಿಡಿಸಿ ಹೇಳಿದಳು. ಅರ್ಥವಾಗದೆ ಏನು. ಸಾಕ್ಷಿ ಬೇಕಿತ್ತು. ಆ ದಿನ ಅತ್ತೆ ಅವಳಿಗೆ ಊಟ ಹಾಕಿಸಿ ಕಳಿಸಿದರು. ಆಮೇಲೆ ಬದುವಿನ ಮೋಟುಗಳ ನಡುವೆ ಕೂತು, ಆ ಗಿಡಗಳಿಗಾಗಿ ಮೊದಲ ಬಾರಿಗೆ ಬಿಕ್ಕಿ ಬಿಕ್ಕಿ ಅತ್ತರು. "ಸುಮ್ಮ ಸುಮ್ಮನ ಕೊಂದನಲ್ಲೇ" ಎಂದರು. ಅದನ್ನು ಕೇಳಿದ ಮೇಲೆ ನನ್ನೊಳಗೂ ಒಂದು ಬೆಂಕಿ ಹೊತ್ತಿತು. ಅದು ಇವತ್ತಿಗೂ ಆರಿಲ್ಲ.

ಅಂಜೂರ ಹಟದ ಗಿಡ. ಬುಡಕ್ಕೆ ಕಡಿದರೂ ಬೇರು ಸುಮ್ಮನಿರುವುದಿಲ್ಲ. ಬೇಸಿಗೆಯ ಹೊತ್ತಿಗೆ ಒಂದೊಂದೇ ಮೋಟು ಚಿಗುರಿತು. ಅತ್ತೆ ಅವಕ್ಕೆ ಕೊಡದಲ್ಲಿ ನೀರು ಹೊತ್ತರು. ಬೋರ್ಡೋ ಮಾಡುವುದನ್ನೂ ಆಗಲೇ ಕಲಿತದ್ದು. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೈಲುತುತ್ತ, ಇನ್ನೊಂದರಲ್ಲಿ ಸುಣ್ಣ, ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಮೊದಲ ಸಲ ಸುಣ್ಣ ಕಡಿಮೆಯಾಗಿ ಒಂದಿಷ್ಟು ಎಳೆ ಎಲೆಗಳು ಸುಟ್ಟವು. ಅತ್ತೆ ಫೋನಿನಲ್ಲಿ ಆ ಹುಡುಗಿಯನ್ನು ಕೇಳಿದಾಗ, ಕುಡುಗೋಲನ್ನು ಅದ್ದಿ ನೋಡಲು ಹೇಳಿದಳು. ಕಬ್ಬಿಣಕ್ಕೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಅಂದಿನಿಂದ ಡ್ರಮ್ಮಿನ ಪಕ್ಕ ಉಜ್ಜಿ ಬೆಳಗಿದ ಕುಡುಗೋಲು ಒಂದು ಇದ್ದೇ ಇರುತ್ತಿತ್ತು.

ಎಣ್ಣೆ ಹೊಡೆಯುವುದು ಎಂದರೆ ನಮ್ಮ ಕಡೆ ಗಿಡಕ್ಕೆ ಔಷಧಿ ಸಿಂಪಡಿಸುವುದು. ಎಲ್ಲರೂ ಮೇಲಿನಿಂದ ಹೊಡೆಯುತ್ತಾರೆ, ಎಲೆ ಒದ್ದೆಯಾಗಿ ಹೊಳೆದರೆ ಕೆಲಸ ಮುಗಿಯಿತು ಎನ್ನುತ್ತಾರೆ. ಅತ್ತೆ ಗಿಡದ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ನಳಿಗೆಯನ್ನು ಮೇಲಕ್ಕೆ ತಿರುಗಿಸಿ ಹೊಡೆಯುತ್ತಿದ್ದರು. ನೀಲಿ ನೀರು ಅವರ ಮುಖ, ಕುತ್ತಿಗೆ, ಬಿಳಿ ಕೂದಲ ಮೇಲೆ ಇಳಿಯುತ್ತಿತ್ತು. "ಎಲಿ ಮುಂದ ನೋಡಿ ಮರುಳಾಗಬ್ಯಾಡ. ಹಿಂದ ಹೊಡಿ. ರೋಗ ಕುಂತಿರೋದು ಅಲ್ಲಿ" ಎಂದು ನನಗೂ ಪಂಪು ಕೊಟ್ಟು ಕಲಿಸಿದರು. ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ ಎಂದರೆ ಕೇಳುತ್ತಿರಲಿಲ್ಲ.

ಮುಂದಿನ ಮಳೆಗಾಲ ಬಂತು. ಪಡುವಲ ತೋಟದ ಗಿಡಗಳೆಲ್ಲ ಕಿತ್ತಳೆಯಾದವು. ನಮ್ಮ ಸಾಲಿನಿಂದ ಹೊತ್ತೊಯ್ದು ಬುಡಕ್ಕೆ ಹರವಿದ ಎಲೆಗಳಿಂದಲೇ ರೋಗ ಎದ್ದು ಮೇಲಕ್ಕೆ ಹತ್ತಿತ್ತು. ನನಗಾದ ಸಂತೋಷವನ್ನು ಮುಚ್ಚಿಡುವುದೇಕೆ. ಬಳ್ಳಾರಿಯಿಂದ ಬರುವಾಗ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದೆ. ಸಂಜೆ ಅತ್ತೆ ಸೊಸೆ ಬದುವಿನ ಮೇಲೆ ಕೂತು, ಅವನ ಎಲೆಗಳು ಉದುರುವುದನ್ನು ನೋಡುತ್ತ ತಿಂದೆವು. ಗಾಳಿ ಬೀಸಿದಾಗಲೆಲ್ಲ ರಾಶಿ ರಾಶಿ ಬೀಳುತ್ತಿದ್ದವು. "ಇನ್ನೊಂದು ಬಜ್ಜಿ ತಗೋ" ಎಂದರು ಅತ್ತೆ. ಅವರು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ಕಂಡದ್ದು ಅಪರೂಪ.

ಏಳುವಾಗ ಅವರ ಕೈ ನಮ್ಮ ಸಾಲಿನ ಒಂದು ಎಳೆ ಎಲೆಗೆ ತಾಗಿತು. ರೂಢಿಯ ಪ್ರಕಾರ ಮಗುಚಿ ನೋಡಿದರು. ಹಿಂದೆ ಕಿತ್ತಳೆಯ ಒಂದು ಚುಕ್ಕೆ.

ಮಳೆಗಾಲದ ಗಾಳಿ ಪಡುವಣದ್ದು. ಅವನ ತೋಟದ ಮೇಲೆ ಹಾದು ನಮ್ಮಲ್ಲಿಗೆ ಬರುತ್ತದೆ. ಕಡಿಸಿಕೊಂಡು ಮತ್ತೆ ಚಿಗುರಿದ ಎಳೆ ಗಿಡಗಳು ಅದರ ಬಾಯಿಗೇ ನಿಂತಿದ್ದವು. ನಾವು ಎಷ್ಟು ಹೊಡೆದರೂ ಆ ಕಡೆಯಿಂದ ಹೊಸ ಪುಡಿ ಬರುತ್ತಲೇ ಇರುತ್ತದೆ, ಆ ತೋಟ ಸ್ವಚ್ಛವಾಗದೆ ಈ ಸಾಲು ಉಳಿಯುವುದು ಕಷ್ಟ ಎಂದಳು ತೋಟಗಾರಿಕೆಯ ಹುಡುಗಿ. ಅವಳು ಅವನಿಗೂ ಹೇಳಿ ನೋಡಿದ್ದಳು. ಅವನಿಗೆ ಆಳು ಸಿಗುತ್ತಿರಲಿಲ್ಲ. ಊರಿನ ಕೂಲಿಯವರೆಲ್ಲ ನೆಲ್ಲು ಹಚ್ಚಲು, ಅಂದರೆ ಭತ್ತದ ನಾಟಿಗೆ, ಸಿರುಗುಪ್ಪದ ಕಡೆ ಹೋಗಿದ್ದರು. ಇರುವ ಒಂದಿಬ್ಬರೂ ಆ ಪುಡಿ ಮೈಗೆ ಹತ್ತುತ್ತದೆ ಎಂದು ಹೆದರಿ ಅವನ ತೋಟಕ್ಕೆ ಕಾಲಿಡುತ್ತಿರಲಿಲ್ಲ.

"ಅವನ ತ್ವಾಟ ಪೂರಾ ಹಾಳಾಗ್ಲಿ ಬಿಡ್ರಿ ಅತ್ತಿ" ಎಂದೆ. "ನಮ್ಮ ಸಾಲು ಹೋದ್ರೂ ಚಿಂತಿಲ್ಲ."

"ಸಾಲು ಯಾಕ ಹೋಗ್ಬೇಕು?" ಎಂದರು. ಮರುದಿನ ಬೆಳಿಗ್ಗೆ ಒಗೆದ ಸೀರೆ ಉಟ್ಟು ಗುಡಿ ಕಟ್ಟೆಗೆ ಹೋದರು. ಹಿರಿಯರೂ ಅವನೂ ಅಲ್ಲಿ ಕೂತಿದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಪಡುವಲ ತ್ವಾಟಕ್ಕ ಆಳು ಇಲ್ಲಂತಲ್ಲ. ನಾವು ಮುಯ್ಯಾಳು ಬರ್ತೀವಿ."

ಮುಯ್ಯಾಳು ಎಂದರೆ ಕೂಲಿಯಿಲ್ಲದ ದುಡಿಮೆ. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಮುಯ್ಯಿ ಬಂದವರನ್ನು ಬೇಡ ಎನ್ನುವಂತಿಲ್ಲ, ಬಂದ ಮುಯ್ಯಿ ತೀರಿಸದೆ ಇರುವಂತಿಲ್ಲ. ತೀರಿಸದವನ ಮುಖಕ್ಕೆ ಊರಲ್ಲಿ ಬೆಲೆಯಿಲ್ಲ. ಹಿರಿಯರು ಬಾಯಿತುಂಬ ಹೊಗಳಿದರು. ಅವನು ಎದ್ದು ಕೈ ಮುಗಿದ. "ಅಕ್ಕನ ಮನಸು ದೊಡ್ದು. ಎಲ್ಲಾ ಮರತ್ಲು" ಎಂದು ಆ ವಾರವಿಡೀ ಹೇಳಿಕೊಂಡು ತಿರುಗಿದ. ನನಗೆ ಮೈಯೆಲ್ಲ ಉರಿಯಿತು. ಅತ್ತೆ ಮಾತ್ರ, "ಹೇಳ್ಲಿ ಬಿಡು. ಅವನ ಬಾಯಿಲೇ ಊರಿಗೆಲ್ಲ ಗೊತ್ತಾಗ್ಲಿ" ಎಂದರು.

ನಮ್ಮತ್ತೆಗೆ ಊರಿನ ಹಲವು ಮನೆಗಳಿಂದ ಬರಬೇಕಾದ ಮುಯ್ಯಿ ಇತ್ತು. ಆ ಹೆಂಗಸರನ್ನೆಲ್ಲ ಕರೆದರು. ಬಂದ ಮುಯ್ಯಿಯನ್ನೆಲ್ಲ ಅವನ ತೋಟದ ಮೇಲೆ ಸುರಿದರು. ನಾನೂ ರಜೆ ಹಾಕಿ ಹೋದೆ. ಬುಡಬುಡದಿಂದ ಎಲೆ ಬಳಿದು, ಒಣಗಿದ ಟೊಂಗೆ ಸವರಿ, ರಾಶಿ ಹಾಕಿ ಸುಟ್ಟೆವು. ಮಳೆ ಬಿಟ್ಟು ಹೊಳವಾದ ದಿನ ನೋಡಿ ಎಲೆಯ ಹಿಂದೆ ಬೋರ್ಡೋ ಹೊಡೆದೆವು. ಅತ್ತೆ ಪ್ರತಿ ಗಿಡದ ಕೆಳಗೂ ಕೂತು ಹೊಡೆದರು. ಪ್ರತಿ ಗಿಡದ ಕೆಳಗೂ "ವಾಡಿ ಮೊಹಂ ಮಂಡ" ಎಂದರು. ಅವನ ಹೆಂಡತಿ ರೊಟ್ಟಿ ಬುತ್ತಿ ತಂದರೆ ನಾವು ನಮ್ಮ ಬುತ್ತಿಯನ್ನೇ ಬಿಚ್ಚಿದೆವು. ಅವರ ನೀರನ್ನೂ ಮುಟ್ಟಲಿಲ್ಲ. ಅವನ ತೋಟ ಉಳಿಯಿತು, ನಮ್ಮ ಸಾಲೂ ಉಳಿಯಿತು.

ಗಿಡದ ಟೊಂಗೆ ಸವರುವ ಕಾಲ ಬಂದಾಗ ಅವನು ಮುಯ್ಯಿ ತೀರಿಸಲು ತನ್ನ ಮನೆಮಂದಿ, ಕತ್ತರಿ, ಕುಡುಗೋಲು ಸಮೇತ ನಮ್ಮ ಗೇಟಿಗೆ ಬಂದ. ಅತ್ತೆ ಗೇಟಿನ ಒಳಗೆ ನಿಂತರು.

"ನಮ್ಮಲ್ಲಿ ಕೆಲ್ಸ ಇಲ್ಲಪ್ಪ."

"ಅಕ್ಕಾ, ಗಿಡ ಸವರೋದು ಹಂಗ ಐತಲ್ಲ. ಕಾಣ್ತತಿ."

"ಕಾಣ್ಲಿ. ಕೆಲ್ಸ ಇದ್ದಾಗ ಹೇಳಿ ಕಳಸ್ತೀನಿ."

ಅವನಿಗೆ ಅದು ಅರ್ಥವಾಗಲು ಬಹಳ ಕಾಲ ಹಿಡಿಯಿತು. ಹಣ್ಣು ಬಿಡಿಸುವಾಗ ಬಂದ, ಕೆಲಸವಿಲ್ಲ. ಬಾವಿಯ ಹೂಳು ತೆಗೆಯುವಾಗ ಬಂದ, ಕೆಲಸವಿಲ್ಲ. ಗಾಳಿಗೆ ನಮ್ಮ ದನದ ಕೊಟ್ಟಿಗೆಯ ತಗಡು ಹಾರಿದಾಗ ಓಡಿ ಬಂದ. ಅತ್ತೆ ಹಾರಿದ ತಗಡಿನ ಮೇಲೆಯೇ ನಿಂತು, "ಕೆಲ್ಸ ಇಲ್ಲ" ಎಂದರು. ಮದುವೆ ಮುಂಜಿಗಳಲ್ಲಿ ಹಿರಿಯರು ಕಂಡಾಗಲೆಲ್ಲ, "ಅಕ್ಕನ ಮುಯ್ಯಿ ತೀರ್ತೇನಪಾ?" ಎಂದು ಕೇಳುತ್ತಿದ್ದರು, ಮೊದಮೊದಲು ತಮಾಷೆಗೆ, ಆಮೇಲೆ ಹುಬ್ಬು ಗಂಟಿಕ್ಕಿ. ಕಟ್ಟೆಯ ಮೇಲೆ ಯಾರದೋ ಬದುವಿನ ಜಗಳಕ್ಕೆ ಅವನು ನ್ಯಾಯ ಹೇಳಲು ಹೋದಾಗ, ಎದುರಿನವನು, "ಮದ್ಲು ನಿನ್ನ ಮ್ಯಾಲಿನ ಮುಯ್ಯಿ ಇಳಸ್ಕೋ ಮಾರಾಯ" ಎಂದನಂತೆ. ಆಮೇಲೆ ಅವನು ಕಟ್ಟೆಗೆ ಬರುವುದನ್ನೇ ಬಿಟ್ಟ. ಒಂದು ಸಲವಂತೂ ಅತ್ತೆಯ ಕಾಲು ಹಿಡಿಯುವುದೊಂದು ಬಾಕಿ. "ನನ್ನ ಬೈದುಬಿಡು ಅಕ್ಕಾ, ಹೊಡದುಬಿಡು" ಎಂದ. "ನಾ ಯಾಕ ಬೈಲಿ? ನಮಗೂ ನಿನಗೂ ಜಗಳ ಎಲ್ಲಿ ಐತಿ?" ಎಂದರು.

ಇದರಿಂದ ಒಂದು ಉಪಕಾರವೂ ಆಯಿತು. ತನ್ನ ತೋಟಕ್ಕೆ ತುಕ್ಕು ಬಂದರೆ ಈ ಮುದುಕಿ ಮತ್ತೆ ಮುಯ್ಯಿ ಬಂದು ಇನ್ನಷ್ಟು ಹೊರಿಸುತ್ತಾಳೆ ಎಂದು ಹೆದರಿ, ಅವನು ಒಂದು ಎಲೆಯನ್ನೂ ನೆಲದ ಮೇಲೆ ಬಿಡುತ್ತಿರಲಿಲ್ಲ. ಬೆಳಗೆದ್ದು ತಾನೇ ಆರಿಸಿ ಸುಡುತ್ತಿದ್ದ. ಆ ವರ್ಷಗಳಲ್ಲಿ ನಮ್ಮ ಸಾಲು ಮೊದಲಿಗಿಂತ ಎತ್ತರವಾಯಿತು.

ಒಂದು ಮಳೆಗಾಲ ಅತ್ತೆಗೆ ಚಿಕುನ್‌ಗುನ್ಯಾ ಬಂತು. ಕೀಲುಗಳೆಲ್ಲ ಬಾತು ಏಳಲಾರದೆ ಮಲಗಿದ್ದರು. ಎಲೆಗಳು ಉದುರಿ ಬಿದ್ದಿದ್ದವು, ಬಳಿಯುವವರಿರಲಿಲ್ಲ. ನಾನಿದ್ದ ಭಾನುವಾರವೇ ನೋಡಿ ಅವನು ಪೊರಕೆ, ಬುಟ್ಟಿ, ಮನೆಮಂದಿಯೊಂದಿಗೆ ಬಂದ. "ನೀನರ ಗೇಟು ತಗಿ ತಂಗೀ. ಓದಿದಾಕಿ ಇದ್ದಿ" ಎಂದ. ನನ್ನ ಗಂಡ ಗೇಟಿನ ಚಿಲಕಕ್ಕೆ ಕೈ ಹಾಕಿಯೇಬಿಟ್ಟಿದ್ದ. ಒಳಗಿನಿಂದ ಅತ್ತೆಯ ದನಿ ಬಂತು, "ಯಾರವ್ವಾ ಅದು?" ನಾನು ಹೇಳಿದೆ. ಮರುಗಳಿಗೆಗೆ ಅವರು ಗೋಡೆ ಹಿಡಿದುಕೊಂಡು ಹೊರಗೆ ಬಂದಿದ್ದರು. ನಿಲ್ಲಲಾಗಲಿಲ್ಲ. ಗಿಡದ ಬುಡದಲ್ಲಿ ಕೂತರು. ಕೂತಲ್ಲಿಂದಲೇ, ತೆವಳುತ್ತ, ಬಾತ ಕೈಯಲ್ಲಿ ಎಲೆ ಬಳಿಯತೊಡಗಿದರು. ನೋವಿಗೆ ಕಣ್ಣೀರು ಇಳಿಯುತ್ತಿತ್ತು, ಕೈ ನಿಲ್ಲಲಿಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ಅವರ ಪಕ್ಕ ಕೂತೆ. ಗೇಟಿನಾಚೆ ಅವನು ನೋಡುವಷ್ಟು ನೋಡಿ, ತಲೆ ತಗ್ಗಿಸಿಕೊಂಡು ಮನೆಮಂದಿಯನ್ನು ಕರೆದುಕೊಂಡು ಹೋದ. ಅತ್ತೆಯನ್ನು ನಾನು ಅಂದಿನಷ್ಟು ಯಾವತ್ತೂ ಪ್ರೀತಿಸಿರಲಿಲ್ಲ.

ಅತ್ತೆ ಹೋದದ್ದು ನಿದ್ದೆಯಲ್ಲಿ, ಒಂದು ಮಧ್ಯಾಹ್ನ, ಉಂಡು ಮಲಗಿದವರು. ಯಾರಿಗೂ ಕಷ್ಟ ಕೊಡಲಿಲ್ಲ. ಬದುವಿನ ಸಾಲಿನ ಪಕ್ಕ, ಮಾವನವರ ಹತ್ತಿರವೇ ಮಣ್ಣು ಮಾಡುವುದೆಂದಾಯಿತು. ಕುಣಿ ತೋಡುವುದಕ್ಕೂ ನಮ್ಮಲ್ಲಿ ಕೂಲಿಯಿಲ್ಲ, ಊರವರು ಮುಯ್ಯಿಯಾಗಿ ತೋಡುತ್ತಾರೆ. ಎಲ್ಲರಿಗಿಂತ ಮೊದಲು ಗುದ್ದಲಿ ಹಿಡಿದು ಬಂದವನು ಪಡುವಲ ತೋಟದವ. ಅವನಿಗೂ ವಯಸ್ಸಾಗಿತ್ತು, ಬೆನ್ನು ಬಾಗಿತ್ತು.

"ಇದೊಂದು ಕೆಲ್ಸ ನಂಗ ಬಿಡ್ರವ್ವಾ. ನಾ ಒಬ್ನ ತೋಡ್ತೀನಿ. ಅಕ್ಕನ ಮುಯ್ಯಿ ಇಲ್ಲಿಗೆ ತೀರ್ಲಿ" ಎಂದ.

ನೆರೆದವರ ಮನಸ್ಸು ಕರಗಿತು. ನನ್ನ ಗಂಡ, "ಬಿಡು, ಸತ್ತ ಮ್ಯಾಲ ಇನ್ನೇನು" ಎಂದು ನನ್ನ ಭುಜ ಮುಟ್ಟಿದ. ಹಿರಿಯರೊಬ್ಬರು ಹೌದು ಹೌದು ಎಂದರು. ನಾನು ಅತ್ತೆಯ ಮುಖ ನೋಡಿದೆ. ಆಮೇಲೆ ಬದುವಿನ ಕಡೆ ನೋಡಿದೆ. ಆ ಗಿಡಗಳ ಬುಡದಲ್ಲಿ ಕೊಡಲಿ ಬಿದ್ದ ಗುರುತು ಇನ್ನೂ ಗಂಟುಗಂಟಾಗಿ ಕಾಣುತ್ತದೆ. ನಾನು ಹೋಗಿ ಅವನ ಕೈಯ ಗುದ್ದಲಿ ತೆಗೆದು ಬದುವಿನಾಚೆ ಇಟ್ಟೆ. ನಮ್ಮ ಮನೆಯ ಗುದ್ದಲಿಯಿಂದ ಮೊದಲ ಏಟು ನಾನೇ ಹಾಕಿದೆ. ಹೆಂಗಸರು ಕುಣಿ ತೋಡುವ ಪದ್ಧತಿ ನಮ್ಮಲ್ಲಿಲ್ಲ. ಯಾರೂ ತಡೆಯಲಿಲ್ಲ. ನನ್ನ ಕೈ ಬೊಬ್ಬೆಯೆದ್ದ ಮೇಲೆ ಉಳಿದವರು ಬಂದು ಗುದ್ದಲಿ ಈಸಿಕೊಂಡರು. ಅವನು ಕೊನೆಯವರೆಗೂ ದೂರದಲ್ಲಿ ನಿಂತಿದ್ದ. ಹಿಡಿ ಮಣ್ಣು ಹಾಕಲು ಮಾತ್ರ ಬಂದ. ಅದನ್ನು ಬೇಡ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಹಾಕಿದ. ಮುಯ್ಯಿಯ ಲೆಕ್ಕದಲ್ಲಿ ಆ ಒಂದು ಹಿಡಿಯನ್ನು ಕಳೆದಿದ್ದೇನೆ, ಉಳಿದದ್ದು ಹಾಗೆಯೇ ಇದೆ.

ಈಗ ತೋಟ ನನ್ನದು. ಭಾನುವಾರಗಳ ಜೊತೆಗೆ ರಜೆಗಳೂ ಅಲ್ಲೇ ಕಳೆಯುತ್ತವೆ. ನನ್ನ ಉಗುರುಗಳ ಬಣ್ಣ ನೋಡಿ ಸ್ಟಾಫ್ ರೂಮಿನಲ್ಲಿ ಇಂಕಿನ ಪೆನ್ನು ಸೋರುತ್ತದೆಯೇ ಎಂದು ಕೇಳುತ್ತಾರೆ. ಮಕ್ಕಳಿಗೆ ಕ್ಷಮೆಯ ಪಾಠ ಬಂದಾಗ ಪುಸ್ತಕದಲ್ಲಿ ಇದ್ದಷ್ಟನ್ನು ಓದಿ ಮುಂದಕ್ಕೆ ಹೋಗುತ್ತೇನೆ. ಒಬ್ಬರ ಮೇಲೆ ಇಷ್ಟು ಸಿಟ್ಟಿಟ್ಟುಕೊಂಡೂ ಒಂದು ಎಲೆ ಬಾಡದಂತೆ ಬದುಕಬಹುದು ಎಂದು ನನಗೆ ಕಲಿಸಿದವರು ನಮ್ಮತ್ತೆ.

ಕಳೆದ ಮಳೆಗಾಲ ಪಡುವಲ ತೋಟಕ್ಕೆ ಮತ್ತೆ ತುಕ್ಕು ಬಂತು. ಅವನ ಮಗ ಬಳ್ಳಾರಿಯಲ್ಲಿ ಟೈರಿನ ಅಂಗಡಿ ಇಟ್ಟಿದ್ದಾನೆ, ಇತ್ತ ಬರುವುದಿಲ್ಲ. ಮುದುಕನಿಗೆ ಬಗ್ಗಿ ಎಲೆ ಆರಿಸಲು ಆಗುವುದಿಲ್ಲ. ನೆಲವೆಲ್ಲ ಕಿತ್ತಳೆ ಎಲೆ, ಗಾಳಿ ನಮ್ಮ ಕಡೆಗೆ. ನಾನು ಗುಡಿ ಕಟ್ಟೆಗೆ ಹೋಗಿ, ಕೂತವರಿಗೆ ಕೇಳುವ ಹಾಗೆ ಹೇಳಿ, ಹೆಂಗಸರನ್ನು ಕರೆದುಕೊಂಡು, ಪಂಪು ಬೆನ್ನಿಗೇರಿಸಿ ಅವನ ತೋಟಕ್ಕೆ ಹೋದೆ.

ಅವನು ಗುಡಿಸಲ ಮುಂದಿನ ಹೊರಸಿನ ಮೇಲೆ ಕೂತಿದ್ದ. ನನ್ನನ್ನು ಕಂಡು ಏಳಲು ನೋಡಿದ, ಆಗಲಿಲ್ಲ.

"ಬ್ಯಾಡವ್ವಾ" ಎಂದ. "ನಿಮ್ಮತ್ತೀದ ಇನ್ನಾ ಹಂಗ ಐತಿ. ಮ್ಯಾಲ ನೀನೂ ಹೊರಸಬ್ಯಾಡ. ನಾನೂ ಹೋಗೋ ದಿನ ಬಂದಾವು. ಇದನ್ನ ಹೊತ್ಕೊಂಡು ಹೆಂಗ ಹೋಗ್ಲಿ?"

ಅವನ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ನಾನು ಮೊದಲ ಗಿಡದ ಕೆಳಗೆ ಕೂತು, ನಳಿಗೆಯನ್ನು ಮೇಲಕ್ಕೆ ತಿರುಗಿಸಿ ಎಲೆಯ ಹಿಂದಕ್ಕೆ ಹಿಡಿದೆ.

"ಸುಮ್ನ ಕೂಡ್ರಿ ಮಾವಾ" ಎಂದೆ. "ಇನ್ನಾ ಆ ಕಡೀ ಸಾಲು ಪೂರಾ ಐತಿ."